ಅಪ್‌ಡೇಟ್: ನಿಂಬೆರಸ ಹಚ್ಚಿ ಜುಮ್ಮೆನ್ನುತ್ತಿದ್ದ ಹಲ್ಲು

ರೀಲ್ಸ್ ನೋಡಿ ಮೂರು ವಾರ ಹಲ್ಲಿಗೆ ನಿಂಬೆರಸ ಹಚ್ಚಿ, ಆಮೇಲೆ ಅಡುಗೆ ಸೋಡಾದಲ್ಲಿ ಉಜ್ಜಿದೆ, ಈಗ ತಣ್ಣೀರು ತಾಗಿದರೂ ಜುಮ್ಮೆನ್ನುತ್ತದೆ ಅಂತ ಕೇಳಿದ್ದೆನಲ್ಲ, ನೀವು ಹೇಳಿದಂತೆ ದಂತವೈದ್ಯರ ಹತ್ತಿರ ಹೋಗಿ ಬಂದೆ. ಹಲ್ಲಿನ ಹೊರಗಿನ ಗಟ್ಟಿ ಪದರ, ಅಂದರೆ ಎನಾಮಲ್, ಸವೆದಿದೆಯಂತೆ. ಪಿಎಚ್ (ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗಿಳಿದರೆ ಅದು ಕರಗಲು ಶುರುವಾಗುತ್ತದೆ. ನಿಂಬೆರಸದ್ದು 2ರಿಂದ 3! ಹುಳಿಗೆ ಮೆತ್ತಗಾದ ಪದರವನ್ನು ನಾನೇ ಬ್ರಶ್‌ನಿಂದ ತಿಕ್ಕಿ ತೆಗೆದಿದ್ದೇನೆ. ಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ತೆಳುವಾದಷ್ಟೂ ಒಳಗಿನ ಹಳದಿ ಡೆಂಟಿನ್ ಎದ್ದು ಕಾಣುತ್ತದೆ. ಬಿಳಿಯಾಗಲಿ ಅಂತ ಮಾಡಿದ್ದು, ಹಳದಿ ಜಾಸ್ತಿಯಾಯಿತು. ಮನೆಗೆ ಬಂದು ತುಂಬಾ ಅತ್ತೆ.

ಫ್ಲೋರೈಡ್ ವಾರ್ನಿಶ್ (ಹಲ್ಲನ್ನು ಕಾಪಾಡುವ ಲೇಪ) ಹಚ್ಚಿದ್ದಾರೆ, ಸೆನ್ಸಿಟಿವ್ ಹಲ್ಲಿನ ಪೇಸ್ಟ್ ಬರೆದುಕೊಟ್ಟಿದ್ದಾರೆ. ಹತ್ತು ದಿನದಲ್ಲಿ ನೋವು ಕಡಿಮೆಯಾಗಿದೆ. ಮಜ್ಜಿಗೆ ಕುಡಿಯಬಹುದು, ಐಸ್‌ಕ್ರೀಮ್ ಇನ್ನೂ ಆಗುವುದಿಲ್ಲ. ನನ್ನ ತಂಗಿಯೂ ಅದೇ ವಿಡಿಯೋ ಸೇವ್ ಮಾಡಿಟ್ಟಿದ್ದಳು. ಎದುರಿಗೇ ಕೂತು ಡಿಲೀಟ್ ಮಾಡಿಸಿದೆ.