ದೀಪಾವಳಿ ಡಬ್ಬಿ: ನಮ್ಮ ಮನೆತನದ ಗುಂಪಿನಲ್ಲಿ

ಕಾಕಾ (ಹುಬ್ಬಳ್ಳಿ): [ಚಿತ್ರ: ಹಲವು ಬಾರಿ ಫಾರ್ವರ್ಡ್ ಆಗಿದೆ] "ವಿಶ್ವಾಸಿಗಳೇ ಎಚ್ಚರ! ನೆರೆಯವರು ಕೊಡುವ ದೀಪಾವಳಿ ಸಿಹಿ ಮುಟ್ಟಬೇಡಿ. ಪ್ರಕಟನೆ 2:14, 2:20: ವಿಗ್ರಹಕ್ಕೆ ಅರ್ಪಿಸಿದ್ದನ್ನು ತಿನ್ನುವುದನ್ನು ಕರ್ತನು ಖಂಡಿಸಿದ್ದಾನೆ."
ಎಲ್ಲರೂ ಓದಿರಿ. ಮಕ್ಕಳಿಗೂ ತಿಳಿಸಿರಿ.

ನಾನು (ಧಾರವಾಡ): ಕಾಕಾ, ಈಗಷ್ಟೇ ಎದುರು ಮನೆ ಕಾಕು ಡಬ್ಬಿ ಕೊಟ್ಟು ಹೋದರು. ಅದೇ ಹಳೇ ಸ್ಟೀಲ್ ಡಬ್ಬಿ. ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ ಅವರ ಅತ್ತೆಯ ಹೆಸರು ಕೊರೆದಿದೆ. ಒಳಗೆ ಕರಚಿಕಾಯಿ, ಚಕ್ಕಲಿ, ಶಂಕರಪೋಳಿ. ಕ್ರಿಸ್ಮಸ್‌ಗೆ ನಾವೂ ಇದೇ ಕರಚಿಕಾಯಿ ಕರಿದು ಅವರ ಮನೆಗೆ ಕಳಿಸುತ್ತೇವೆ. ಇಷ್ಟು ವರ್ಷ ಆ ಡಬ್ಬಿ ಎರಡೂ ಮನೆ ನಡುವೆ ಓಡಾಡಿದೆ, ಒಮ್ಮೆಯೂ ಖಾಲಿ ಹೋಗಿಲ್ಲ. ಈ ಸಲ ಏನಂತ ಹೇಳಿ ವಾಪಸ್ ಕೊಡಲಿ?

ಕಾಕಾ: ಸಮಾಧಾನದಿಂದ ಹೇಳು. ಆದರೆ ವಚನ ವಚನವೇ ಮಗಳೇ. ಅಪೊಸ್ತಲರ ಕೃತ್ಯಗಳು 15 ತೆಗೆದು ನೋಡು. ಬೇರೆ ಜನಾಂಗದಿಂದ ಬಂದ ವಿಶ್ವಾಸಿಗಳಿಗೆ ಯೆರೂಸಲೇಮಿನ ಸಭೆ ಇದನ್ನೇ ಬರೆದು ಕಳಿಸಿತು. ವಿಗ್ರಹಕ್ಕೆ ನೈವೇದ್ಯ ಮಾಡಿದ್ದನ್ನು ಬಿಡಿ ಅಂತ.

ನಾನು: ಅದೂ ವಚನವೇ ಕಾಕಾ, ಇಲ್ಲ ಅನ್ನಲ್ಲ. ಆದರೆ ಅದೇ ಪ್ರಶ್ನೆಗೆ ಪೌಲ ಕೊರಿಂಥದವರಿಗೆ ಬಿಡಿಸಿ ಉತ್ತರ ಬರೆದಿದ್ದಾನೆ. ಆ ಊರಿನ ಪೇಟೆಯಲ್ಲಿ ಮಾರುವ ಮಾಂಸದಲ್ಲಿ ಗುಡಿಯ ಬಲಿಯಿಂದ ಬಂದದ್ದೂ ಇರುತ್ತಿತ್ತು. ಆದರೂ 1 ಕೊರಿಂಥ 10ರಲ್ಲಿ ಏನು ಹೇಳುತ್ತಾನೆ? ಅಂಗಡಿಯಲ್ಲಿ ಮಾರಿದ್ದನ್ನು ಕೆದಕಿ ಕೇಳದೆ ತಿನ್ನಿ. ನಂಬದವರು ಊಟಕ್ಕೆ ಕರೆದರೆ, ಹೋಗಬೇಕು ಅನಿಸಿದರೆ ಹೋಗಿ, ಬಡಿಸಿದ್ದನ್ನು ತಿನ್ನಿ. ಇದು ಬಲಿಗೆ ಅರ್ಪಿಸಿದ್ದು ಅಂತ ಯಾರಾದರೂ ಹೇಳಿದರೆ ಮಾತ್ರ ಬಿಡಿ, ಅದೂ ಹೇಳಿದವನ ಮನಸ್ಸಿನ ಸಲುವಾಗಿ. ಫಾರ್ವರ್ಡ್‌ನಲ್ಲಿ ಇದೊಂದೂ ಇಲ್ಲ, ಅಲ್ವಾ?

ಅಣ್ಣ (ಉಡುಪಿ): ನಾನು ಒಂದು ಮಾತು ಹೇಳುತ್ತೇನೆ. 2022ರಲ್ಲಿ ಕಾಪು ಮಾರಿಗುಡಿ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಲಿಲ್ಲ. ಅವರ ಹತ್ತಿರ ಕೊಳ್ಳಬೇಡಿ ಅನ್ನುವ ಮೆಸೇಜುಗಳು ಆಗ ನನ್ನ ಫೋನಿಗೂ ಬಂದವು. ಇವರ ಸಿಹಿ ಮುಟ್ಟಬೇಡಿ ಅಂತ ಇವತ್ತು ನಾವು ಹಂಚುತ್ತಿದ್ದೇವೆ. ನಾಳೆ ನಮ್ಮ ಕೇಕ್ ಮುಟ್ಟಬೇಡಿ ಅಂತ ಅವರ ಗುಂಪಿನಲ್ಲಿ ಬಂದರೆ ಏನು ಹೇಳೋಣ ಕಾಕಾ?

ಕಾಕಾ: ಅದು ದ್ವೇಷ. ಇದು ನಂಬಿಕೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡ.

ಅತ್ತೆ (ಬೆಟಗೇರಿ): ನಿಮ್ಮ ಕಾಕಾನ ಮೇಲೆ ಎಲ್ಲರೂ ಮುಗಿಬೀಳಬೇಡಿ. ನಮ್ಮ ಮುತ್ತಜ್ಜ ದೀಕ್ಷಾಸ್ನಾನ ತೆಗೆದುಕೊಂಡ ವಾರವೇ ಓಣಿಯ ಬಾವಿ ಬಂದ್ ಆಯಿತು. ಮುತ್ತಜ್ಜಿ ಕೊಡ ಹೊತ್ತು ಹೋದರೆ ಹಗ್ಗ ಕೊಡುತ್ತಿರಲಿಲ್ಲ. ಹಾಗೆ ಜಾತಿಯಿಂದ ಹೊರಗೆ ಬಿದ್ದವರಿಗೆ ದುಡಿಮೆ ಬೇಕಲ್ಲ ಅಂತಲೇ ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಮಗ್ಗ ಹಾಕಿತು, ಮಂಗಳೂರಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿತು. ಅಷ್ಟು ಕಳೆದುಕೊಂಡು ಬಂದದ್ದನ್ನು ಸಡಿಲ ಬಿಡಬಾರದು ಅಂತ ಅವನಿಗೆ ಹೆದರಿಕೆ. ನನಗೂ ಇದೆ.

ನಾನು: ಅತ್ತೆ, ಆ ಬಾವಿಯ ಮಾತು ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಅದಕ್ಕೇ ಇನ್ನೂ ಜಾಸ್ತಿ ಹೇಳುತ್ತೇನೆ, ನೀರು ನಿಲ್ಲಿಸಿದ ನೋವು ಗೊತ್ತಿರುವ ನಾವು ಡಬ್ಬಿ ನಿಲ್ಲಿಸಬಾರದು.

ನಮ್ಮ ಸಭೆ ಕಟ್ಟಿದವರನ್ನೇ ನೋಡಿ. ಅದೇ ಮಿಷನ್ನಿನ ಪಾದ್ರಿ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ತಂದರು. ಅದೇ ಮನುಷ್ಯ 1850ರಲ್ಲಿ ದಾಸರ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿದರು. ಅದೇ ಮಿಷನ್ನಿನ ಕಿಟೆಲ್ 1862ರಲ್ಲಿ ಯೇಸುವಿನ ಚರಿತ್ರೆಯನ್ನೇ ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ ಅಂತ ಹಾಡಾಗಿ ಬರೆದರು. 1894ರಲ್ಲಿ ಅವರ ಕನ್ನಡ ನಿಘಂಟು ಬಂತು. ಈ ನೆಲದ ಪೂಜೆಯನ್ನು ಅವರು ಒಪ್ಪಿರಲಿಲ್ಲ, ಅದನ್ನು ನಾನು ಮುಚ್ಚಿಡಲ್ಲ. ಆದರೆ ಜನರ ಮಾತು, ಪದ, ಹಾಡನ್ನು ಮೈಲಿಗೆ ಅಂತ ದೂರ ಇಡಲಿಲ್ಲ. ನೀವು ಮೇಲೆ ಬರೆದ ‘ನೈವೇದ್ಯ’ ಅನ್ನುವ ಪದ ನಮ್ಮ ಕನ್ನಡ ಬೈಬಲಿಗೆ ಎಲ್ಲಿಂದ ಬಂತು ಕಾಕಾ?

ಕಾಕಾ: ಪದ ಬೇರೆ, ತಿನ್ನೋದು ಬೇರೆ. 10ನೇ ಅಧ್ಯಾಯ ಈಗ ಪೂರ್ತಿ ಓದಿದೆ. 20, 21ನೇ ವಚನ ಯಾಕೆ ಬಿಟ್ಟೆ? ಕರ್ತನ ಪಂಕ್ತಿ, ದೆವ್ವಗಳ ಪಂಕ್ತಿ ಎರಡರಲ್ಲೂ ಸೇರಬಾರದು ಅಂತ ಸ್ಪಷ್ಟ ಇದೆಯಲ್ಲ.

ನಾನು: ಹೌದು, ಅದನ್ನೂ ಹೇಳಬೇಕಿತ್ತು, ತಪ್ಪು ನನ್ನದು. ಆದರೆ ಅದು ಬಲಿಪೂಜೆಯ ಊಟದಲ್ಲಿ ಪಾಲುಗೊಳ್ಳುವ ಮಾತು. ಫಾರ್ವರ್ಡ್‌ನಲ್ಲಿರುವ ಪ್ರಕಟನೆ 2:14ರಲ್ಲಿ ಪೆರ್ಗಮದ ಸಭೆಯವರನ್ನು ಬೈದದ್ದೂ, ಇಸ್ರಾಯೇಲ್ಯರನ್ನು ದಾರಿ ತಪ್ಪಿಸಿದ ಬಿಳಾಮನ ದಾರಿ ಹಿಡಿದು ಅಂಥ ಊಟದ ಜೊತೆ ಹಾದರಕ್ಕೂ ಇಳಿದರು ಅಂತ. ನಮ್ಮ ಎದುರು ಮನೆ ಕಾಕು ತಮ್ಮ ಅಡುಗೆಮನೆಯಲ್ಲಿ ನಾಲ್ಕು ಗಂಟೆಗೆ ಎದ್ದು ಕರಿದು ತಂದದ್ದು ಇದು. ನನ್ನನ್ನು ಯಾವ ಪೂಜೆಗೂ ಕರೆದಿಲ್ಲ.

ಅತ್ತೆ: ನಿಮ್ಮ ಅಜ್ಜಿ ಏನು ಮಾಡುತ್ತಿದ್ದಳು ಗೊತ್ತಾ? ಪ್ರಸಾದ ಅಂತ ಹೇಳಿ ಕೊಟ್ಟರೆ ಕೈಮುಗಿದು, "ನಮಗೆ ನಡೆಯಲ್ಲ ಕಣವ್ವ" ಅನ್ನುತ್ತಿದ್ದಳು. ಹಬ್ಬದ ತಿಂಡಿ ಅಂತ ಕೊಟ್ಟರೆ ಸೆರಗಿನಲ್ಲಿ ಕೈ ಒರೆಸಿಕೊಂಡು ಇಸಿದುಕೊಳ್ಳುತ್ತಿದ್ದಳು. ಡಬ್ಬಿ ಮುಂದಿಟ್ಟು ಕಣ್ಣು ಮುಚ್ಚಿ ಒಂದು ಪ್ರಾರ್ಥನೆ, ಆಮೇಲೆ ಮಕ್ಕಳಿಗೆಲ್ಲ ಹಂಚುತ್ತಿದ್ದಳು. ನಿನಗೂ ಕೊಟ್ಟಿದ್ದಾಳೆ ತಮ್ಮ.

ಕಾಕಾ: ಕೊಟ್ಟಿದ್ದಳು. ನೆನಪಿದೆ.

ಕಾಕಾ: ನಾನು ಮಾತ್ರ ತಿನ್ನಲ್ಲ ಅಕ್ಕಾ. ನನ್ನ ಮನಸ್ಸು ಒಪ್ಪಲ್ಲ.

ನಾನು: ನೀವು ತಿನ್ನಬೇಡಿ ಕಾಕಾ. ರೋಮಾಪುರದವರಿಗೆ 14ರಲ್ಲಿ ಅದಕ್ಕೂ ಜಾಗ ಇದೆ, ತಿನ್ನುವವನು ತಿನ್ನದವನನ್ನು ಹೀನಾಯ ಮಾಡಬಾರದು ಅಂತ. ತಿನ್ನದವನು ತಿನ್ನುವವನಿಗೆ ತೀರ್ಪು ಕೊಡಬಾರದು ಅಂತಲೂ ಅದೇ ವಚನದಲ್ಲಿದೆ. ಆ ಚಿತ್ರ ತೀರ್ಪು ಕೊಡುತ್ತಿದೆ. ಅದನ್ನು ತೆಗೆಯಿರಿ ಅಂತಷ್ಟೇ ಕೇಳುವುದು.

ಕಾಕಾ: ಆರಾಧನೆಗೆ ಹೊತ್ತಾಯಿತು. ಸಂಜೆ ಹುಬ್ಬಳ್ಳಿಗೆ ಬಾ, ಬೈಬಲ್ ಮುಂದಿಟ್ಟುಕೊಂಡು ಮಾತಾಡೋಣ.

ನಾನು: ಬರುತ್ತೇನೆ.

ಅತ್ತೆ: ಡಬ್ಬಿಗೆ ಏನು ಹಾಕಿ ಕೊಡುತ್ತೀ?

ನಾನು: ಶೇಂಗಾ ಉಂಡಿ ಅತ್ತೆ. ಬೆಲ್ಲ ಕಾಯಲು ಇಟ್ಟಿದ್ದೇನೆ.