ಅಪ್‌ಡೇಟ್: ವೈರ್‌ಲೆಸ್ ಕೀಬೋರ್ಡ್, ಮೌಸ್ ತಗೊಂಡೆ, ಮೌಸ್ ತಡವರಿಸೋದೂ ನಿಂತಿತು

ಮನೆಯ ಹಳೇ ಡೆಸ್ಕ್‌ಟಾಪ್‌ಗೆ ಬ್ಲೂಟೂತ್ ಸೆಟ್ ತರಲಾ, ಡಾಂಗಲ್ (ಯುಎಸ್‌ಬಿ ಪೋರ್ಟ್‌ಗೆ ಚುಚ್ಚುವ ಪುಟ್ಟ ರಿಸೀವರ್) ಇರೋದು ತರಲಾ ಅಂತ ಹಿಂದೆ ನಿಮ್ಮನ್ನು ಕೇಳಿದ್ದೆನಲ್ಲ, ಇಲ್ಲೇ ರಾಯಚೂರಿನ ಅಂಗಡಿಯಲ್ಲಿ ಕೀಗಳನ್ನು ಒತ್ತಿ ನೋಡಿ ಡಾಂಗಲ್‌ನದೇ ತಂದೆ. ನಮ್ಮ ಕಂಪ್ಯೂಟರಿನಲ್ಲಿ ಬ್ಲೂಟೂತೇ ಇಲ್ಲ. ಮೇಲಾಗಿ ಬಯಾಸ್ (ಕಂಪ್ಯೂಟರ್ ಆನ್ ಆದ ಕೂಡಲೇ, ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್ ಪರದೆ) ತೆರೆಯುವಾಗ ಬ್ಲೂಟೂತ್ ಕೀಬೋರ್ಡ್ ಸಾಮಾನ್ಯವಾಗಿ ಕೆಲಸಕ್ಕೆ ಬರಲ್ಲ ಅಂದವರ ಮಾತು ಸರಿ ಅನ್ನಿಸಿತು.

ಆದರೆ ಮನೆಗೆ ತಂದ ಮೇಲೆ ಮೌಸಿನ ಬಾಣ ತಡವರಿಸತೊಡಗಿತು, ಆಗ ಮತ್ತೆ ನಿಮ್ಮನ್ನೇ ಕೇಳಿದೆ. ಸೆಲ್ ಬದಲಿಸಿದೆ, ಏನೂ ಆಗಲಿಲ್ಲ. ಡ್ರೈವರ್ ಮತ್ತೆ ಹಾಕಿದ್ದೂ ದಂಡ. ಕೆಲಸ ಮಾಡಿದ್ದು "ಡಾಂಗಲ್ ಜಾಗ ಬದಲಿಸಿ" ಎಂಬ ಸಲಹೆ. ಅದು ಸಿಪಿಯು ಹಿಂದೆ ನೀಲಿ ಬಣ್ಣದ ಯುಎಸ್‌ಬಿ 3.0 ಪೋರ್ಟ್‌ನಲ್ಲಿತ್ತು, ಪಕ್ಕದಲ್ಲೇ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್. ಯುಎಸ್‌ಬಿ 3.0 ಹೊರಡಿಸುವ ರೇಡಿಯೋ ಗದ್ದಲ ಡಾಂಗಲ್‌ನ 2.4 ಗಿಗಾಹರ್ಟ್ಸ್ ಸಿಗ್ನಲ್‌ಗೆ ಅಡ್ಡ ಬರುತ್ತದೆ, ಇಂಟೆಲ್ 2012ರಲ್ಲೇ ಇದರ ಬಗ್ಗೆ ಬರೆದಿದೆಯಂತೆ. ಯಾರು ಊಹಿಸ್ತಾರೆ ಹೇಳಿ! ಚಿಕ್ಕ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಡಾಂಗಲನ್ನು ಮೇಜಿನ ಮೇಲೆ ತಂದಿಟ್ಟೆ, ಈಗ ಬಾಣ ಎಲ್ಲೂ ನಿಲ್ಲುತ್ತಿಲ್ಲ.

ಕನ್ನಡ ಅಕ್ಷರ ಅಚ್ಚಾದ ಕೀಬೋರ್ಡ್ ಮಾತ್ರ ಸಿಗಲಿಲ್ಲ. ನುಡಿ ತಂತ್ರಾಂಶದ ಕನ್ನಡ ಕೀ ಲೇಔಟ್ ಕೈಗೆ ರೂಢಿಯಿದೆ, ಹಾಗಾಗಿ ಜಾಸ್ತಿ ಹುಡುಕಲೂ ಇಲ್ಲ. ಮತ್ತೆ, ಡಾಂಗಲ್ ಜೋಪಾನ, ಕಳೆದರೆ ಬೇರೆ ಸೆಟ್‌ನದು ಸುಮ್ನೆ ಚುಚ್ಚಿದರೆ ನಡೆಯಲ್ಲ.