ಕಾಕಾನ ಮುಂಗೈ ಪಲ್ಸು, ಅಂಗಡಿ ಪಲ್ಸಸ್ಸು

ಗೋಳಗುಮ್ಮಟದೊಳಗೆ ಪಿಸುಗುಟ್ಟಿದರೆ ಆಚೆ ಬದಿಯವರಿಗೆ ಕೇಳುತ್ತದೆ. ಅದರ ಸಮೀಪದ ನಮ್ಮ ಚಹಾ ಕಟ್ಟೆಯಲ್ಲಿ ಪಿಸುಗುಟ್ಟಿದರೆ ಇಡೀ ವಿಜಯಪುರಕ್ಕೆ ಕೇಳುತ್ತದೆ. ಆವತ್ತು ಕಾಕಾ ಮಾತ್ರ ಪಿಟ್ಟೆನ್ನಲಿಲ್ಲ. ಮಗ ತಂದುಕೊಟ್ಟ ಹೊಸ ವಾಚನ್ನೇ ದಿಟ್ಟಿಸುತ್ತಿದ್ದರು.

"ಮಾಸ್ತರ್ರೇ, ಪಲ್ಸ್ 88 ಅಂತ ತೋರಿಸ್ತಿದೆ. ಜಾಸ್ತಿ ಆಯ್ತೇನ್ರೀ?"

"60ರಿಂದ 100ರ ಒಳಗಿದ್ದರೆ ಚಿಂತೆ ಇಲ್ಲ. ಸುಮ್ನೆ ಚಹಾ ಕುಡೀರಿ."

"ಅದಲ್ರೀ, ನನ್ನ ಅಡತ್ ಅಂಗಡಿ ಬೋರ್ಡಿನ ಮೇಲೆ 'ಗ್ರೇನ್ಸ್ ಅಂಡ್ ಪಲ್ಸಸ್' ಅಂತಿದೆ. ತೊಗರಿಯೂ ಪಲ್ಸು, ನಾಡಿಯೂ ಪಲ್ಸು. ಇಂಗ್ಲಿಷಿನವರಿಗೆ ಬೇಳೆ ತಿಂದರೇನೇ ನಾಡಿ ಹೊಡ್ಕೊಳ್ಳುತ್ತೇನು?"

ಮಾಸ್ತರ್ ರಿಟೈರ್ ಆದ ಇಂಗ್ಲಿಷ್ ಮಾಸ್ತರ್. ಇಂಥ ಪ್ರಶ್ನೆಗೇ ಕಾದಿದ್ದವರಂತೆ ಭಜಿ ಕೆಳಗಿಟ್ಟರು.

"ಒಂದೇ ಓಣಿಯಲ್ಲಿ ಇಬ್ಬರು ಬಸಪ್ಪ ಇದ್ದರೆ ಅಡ್ಡಹೆಸರು ಕೇಳಬೇಕಲ್ವಾ? ಇದೂ ಹಾಗೇ. ನಾಡಿಯ ಪಲ್ಸು ಲ್ಯಾಟಿನ್ನಿನ 'ಪುಲ್ಸುಸ್'. ಹಾಗಂದ್ರೆ ಬಡಿತ. ಅದರ ಮೂಲ 'ಪೆಲ್ಲೆರೆ', ಬಡಿ, ನೂಕು, ಅಟ್ಟು ಅಂತ. ಪ್ರೊಪೆಲ್ಲರ್ ಇದೇ ಮನೆತನದ್ದು. ಶಾಲೆಯಿಂದ ಹುಡುಗರನ್ನು ಹೊರಗೆ ಹಾಕ್ತೀವಲ್ಲ, ಆ ಎಕ್ಸ್‌ಪೆಲ್ ಕೂಡ."

"ಅದು ನನಗೆ ಗೊತ್ತು," ಎಂದೆ. ಯಾಕೆ ಗೊತ್ತು ಅಂತ ಪುಣ್ಯಕ್ಕೆ ಯಾರೂ ಕೇಳಲಿಲ್ಲ.

"ಮತ್ತೆ ಎದೆ ಡವಡವ ಅನ್ನೋದಕ್ಕೆ?" ಚಹಾದವನು ಒಲೆ ಬಳಿಯಿಂದಲೇ ಕೇಳಿದ.

"ಥ್ರಾಬ್. ಅದು ಸದ್ದು ಕೇಳಿಯೇ ಹುಟ್ಟಿದ್ದಿರಬೇಕು ಅಂತಾರೆ. ನಿನ್ನ ಡವಡವದ ಹಾಗೆ."

"ನನ್ನ ತೊಗರಿ ಎಲ್ಲಿ ಹೋಯ್ತು?" ಕಾಕಾ ಬಿಡಲಿಲ್ಲ.

"ಬಂದೆ ತಡೀರಿ. ಆ ಪಲ್ಸು 'ಪುಲ್ಸ್' ಅನ್ನೋ ಬೇರೆ ಲ್ಯಾಟಿನ್ ಮಾತು. ರೋಮಿನ ಹಳಬರು ಕುದಿಸಿ ತಿನ್ನುತ್ತಿದ್ದ ಗಟ್ಟಿ ಗಂಜಿ. ನಿಮ್ಮ ಅಂಗಡಿಯಲ್ಲಿ ಖಪ್ಲಿ ಅಂತಲೂ ಕರೆಯೋ ಜವೆ ಗೋಧಿ ಇದೆಯಲ್ಲ, ಅದೇ ಜಾತಿ ಗೋಧಿಯಿಂದ ಮಾಡೋರು."

"ಅಂದ್ರೆ ಹುಗ್ಗಿ!"

"ಬೆಲ್ಲ ಇಲ್ಲದ ಹುಗ್ಗಿ. ಬೇಳೆಕಾಳನ್ನೂ ಹಾಗೇ ಕುದಿಸೋರು. ಗಂಜಿಯ ಹೆಸರು ಕಡೆಗೆ ಕಾಳಿಗೇ ಅಂಟಿಕೊಂಡಿತು."

ಬೆಲ್ಲವಿಲ್ಲದ ಹುಗ್ಗಿ ತಿಂದು ಅಷ್ಟು ದೊಡ್ಡ ರಾಜ್ಯ ಹೇಗೆ ಕಟ್ಟಿದರೋ! ಕಾಕಾ ಪಾಪ, ಮರುಗಿದರು.

"ಒಟ್ಟಿನಲ್ಲಿ ಕೈಯ ಪಲ್ಸಿಗೂ ಕಾಳಿನ ಪಲ್ಸಿಗೂ ಯಾವ ಸಂಬಂಧವೂ ಇಲ್ಲ," ಎಂದು ಮಾಸ್ತರ್ ಮತ್ತೆ ಭಜಿ ಕೈಗೆತ್ತಿಕೊಂಡರು.

ಅಷ್ಟರಲ್ಲಿ ಕಾಕಾನ ಫೋನು ಬಂತು. ಮಾರ್ಕೆಟ್ಟಿನಿಂದ. ತೊಗರಿ ರೇಟು ಇಳಿದಿತ್ತು. ಕಾಕಾ ಮಾತಾಡದೆ ಮುಂಗೈಯನ್ನು ಮಾಸ್ತರರ ಮೂಗಿನ ಹತ್ತಿರ ಹಿಡಿದರು.

112.

"ಈಗ ಹೇಳ್ರಿ, ಸಂಬಂಧ ಇಲ್ಲಂತ!"